ಹಳದಿ ಗೋಡೆಯ ಮುಂದೆ ನಿಂತವರು

ಬೆಳಗಾವಿಯ ಖಾಸಬಾಗದಲ್ಲಿ, ಬಾಗಿಲು ಹಾಕಿದ ಗೋದಾಮೊಂದಕ್ಕೆ ಉದ್ದನೆಯ ಹಳದಿ ಗೋಡೆಯಿದೆ. ಊರಾಚೆಯ ಮಚ್ಛೆಯಲ್ಲಿರುವ ಕಾರ್ಖಾನೆಯಲ್ಲಿ ವಾರವಿಡೀ ಯಂತ್ರಗಳ ಸದ್ದಿನಲ್ಲಿ ಕಳೆಯುವ ನಾನು ರವಿವಾರ ಬೆಳಿಗ್ಗೆ ಆ ಗೋಡೆಯ ಎದುರು ಕ್ಯಾಮೆರಾ ಹಿಡಿದು ಕಾಯುತ್ತಿದ್ದೆ. ಖಾಲಿ ಗೋಡೆ, ಒಬ್ಬನೇ ಮನುಷ್ಯ, ಅವನ ನೆರಳು. ಉಳಿದದ್ದೆಲ್ಲ ಚೌಕಟ್ಟಿನ ಹೊರಗಿರಬೇಕೆಂಬುದು ನನ್ನ ಹಟ.

ಹೋದ ಚಳಿಗಾಲದಲ್ಲಿ ಬಿಳಿ ಅಂಗಿ, ಧೋತರದ ಮುದುಕರೊಬ್ಬರು ಬಂದು ಗೋಡೆಯ ನಟ್ಟನಡುವೆ ನಿಂತರು. ನಾಲ್ಕು ಹೆಜ್ಜೆ ಹೋಗಿ ಮತ್ತೆ ಅಲ್ಲಿಗೇ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನ ಪುಣ್ಯ ಎಂದುಕೊಂಡು ಒಂದಾದ ಮೇಲೊಂದು ಚಿತ್ರ ತೆಗೆದೆ. ಕೊನೆಗೆ ಅವರು ನನ್ನತ್ತ ತಿರುಗಿ ಕೈ ಎತ್ತಿದರು. ಅದನ್ನೂ ಒಂದು ತೆಗೆದೆ, ಆದರೆ ಭಂಗಿ ಕೆಟ್ಟಿತೆಂದು ಕ್ಯಾಮೆರಾ ಚೀಲಕ್ಕೆ ಹಾಕಿ ಹೊರಟುಬಿಟ್ಟೆ.

ಎರಡು ತಿಂಗಳ ನಂತರ ಊರಿನ ಛಾಯಾಚಿತ್ರ ಪ್ರದರ್ಶನವೊಂದರಲ್ಲಿ ಆ ಚಿತ್ರಗಳಲ್ಲೊಂದನ್ನು ಇಟ್ಟಿದ್ದೆ. ಖಾನಾಪುರದ ಶಿಕ್ಷಕಿಯೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತು, ಯಾವತ್ತು ತೆಗೆದದ್ದು ಎಂದು ಕೇಳಿದರು. ದಿನ ಹೇಳಿದ ಕೂಡಲೇ ಚಿತ್ರದಲ್ಲಿದ್ದವರ ಮುಖದ ಮೇಲೆ ಬೆರಳಿಟ್ಟರು. ಅದು ಅವರ ತಂದೆ. ಮರೆವಿನ ಕಾಯಿಲೆ. ಅದರ ಹಿಂದಿನ ದಿನ ಮನೆಯಿಂದ ಹೋದವರು ಸಿಕ್ಕೇ ಇರಲಿಲ್ಲ. ಹುಟ್ಟಿದೂರು ಕಾಡಂಚಿನ ಗುಂಜಿಯಾದ್ದರಿಂದ ಮನೆಯವರು ಆ ಕಡೆಯ ಕಾಡನ್ನೆಲ್ಲ ಜಾಲಾಡಿದ್ದರಂತೆ. ಬೆಳಗಾವಿ ಯಾರಿಗೂ ಹೊಳೆದಿರಲಿಲ್ಲ.

ಉಳಿದ ಚಿತ್ರಗಳನ್ನೂ ನೋಡಬೇಕೆಂದರು. ಮನೆಗೆ ಕರೆದೊಯ್ದು ಕಂಪ್ಯೂಟರಿನಲ್ಲಿ ತೋರಿಸಿದೆ. ಕೈ ಎತ್ತಿದ ಚಿತ್ರವನ್ನು ದಾಟಿಸಿಬಿಡಬೇಕೆನಿಸಿತು, ಧೈರ್ಯ ಬರಲಿಲ್ಲ.

"ಅಪ್ಪ ನಿಮ್ಮನ್ನ ಕರಿಯಾಕತ್ತಾರ," ಎಂದರು ಮೆಲ್ಲಗೆ. "ನೀವು ಮಾತಾಡಸಲಿಲ್ಲೇನ್ರಿ?"

"ಇಲ್ರೀ."

"ಕಿಸೇದಾಗ ನನ್ನ ನಂಬರಿನ ಚೀಟಿ ಇತ್ರಿ. ಒಂದ್ ಮಾತು ಕೇಳಿದ್ರ ತಗದು ತೋರಸ್ತಿದ್ರು."

ಬೈದಿದ್ದರೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ. ಕೈ ಎತ್ತಿದ ಚಿತ್ರದ ಪ್ರತಿ ಕೇಳಿ ಪಡೆದರು. ಆಮೇಲೆ ಎಷ್ಟೋ ರವಿವಾರ ಅದನ್ನು ಹಿಡಿದು ನಾವಿಬ್ಬರೂ ಬಸ್ ನಿಲ್ದಾಣ, ಗುಡಿ, ದರ್ಗಾ, ಆಸ್ಪತ್ರೆಗಳನ್ನು ಸುತ್ತಿದೆವು. ಖಾಸಬಾಗದ ಬೇಕರಿಯವನೊಬ್ಬನಿಗೆ ಮಾತ್ರ ಗುರುತು ಸಿಕ್ಕಿತು. ಅವರಿಗೊಂದು ಬನ್ನು ಕೊಟ್ಟಿದ್ದನಂತೆ. ಆಮೇಲೆ ಎತ್ತ ಹೋದರೋ ನೋಡಿರಲಿಲ್ಲ. ಮಳೆ ಶುರುವಾದಾಗ ಆಕೆಯೇ ಇನ್ನು ಸಾಕೆಂದರು.

ಪ್ರದರ್ಶನದ ಚಿತ್ರವನ್ನು ಹರಿದುಹಾಕಿದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಮೊನ್ನೆ ಖಾನಾಪುರದಲ್ಲಿ ಆಕೆ ಎದುರಾದರು. ತಾಯಿ ದಿನಾ ಕುಂಕುಮ ಇಟ್ಟುಕೊಳ್ಳುತ್ತಾರಂತೆ. ಶ್ರಾದ್ಧ ಮಾಡಬೇಕೋ ಬೇಡವೋ ಮನೆಯಲ್ಲಿ ಯಾರಿಗೂ ತಿಳಿಯುತ್ತಿಲ್ಲವಂತೆ. ಅಷ್ಟು ಹೇಳಿ ಬಸ್ಸು ಹತ್ತಿದರು.