ಅಂಗಡಿ ಹೊಂದಿಸುವ ಮಾದೇವಿ

ಬನಹಟ್ಟಿಯ ಮಾದೇವಿಗೆ ಈಗ ಐದು ಕಿರಾಣಿ ಅಂಗಡಿಗಳಿವೆ. ಒಂದೂ ಅವಳದಲ್ಲ. ತೇರದಾಳದಲ್ಲಿ ಮೂರು, ಮಹಾಲಿಂಗಪುರದಲ್ಲಿ ಒಂದು, ಜಮಖಂಡಿಯಲ್ಲಿ ಒಂದು. ವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ, ಸೆರಗು ಸಿಕ್ಕಿಸಿ, ಯಾವ ಸಾಮಾನು ಕಣ್ಣೆದುರು, ಯಾವುದು ಮೊಣಕಾಲ ಮಟ್ಟಕ್ಕೆ ಎಂದು ಹೊಂದಿಸಿಟ್ಟು ಬರುತ್ತಾಳೆ. ಇದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಗಂಡ ಬಾಳಾಸಾಹೇಬನಿಗೆ ಇನ್ನೂ ನಂಬಿಕೆಯಿಲ್ಲ. ಹತ್ತೊಂಬತ್ತು ವರ್ಷ ಇದೇ ಕೆಲಸವನ್ನು ಅವಳು ಮನೆಯಲ್ಲಿ ಮಾಡಿದ್ದಳು. ಆ ಮನುಷ್ಯ ಸಕ್ಕರೆ ಡಬ್ಬಿಯ ಮುಂದೆಯೇ ನಿಂತು "ಸಕ್ರಿ ಎಲ್ಲೈತಿ ಬೇ?" ಎಂದು ಕೂಗುವುದನ್ನಷ್ಟೇ ಕಲಿತಿದ್ದ.

ಶುರುವಾದದ್ದು ತೇರದಾಳದ ಧರಣೇಂದ್ರನ ಅಂಗಡಿಯಲ್ಲಿ. ತವರಿಗೆ ಹೋಗಿದ್ದ ಮಾದೇವಿ ಪುಟಾಣಿ, ಅಂದರೆ ಹುರಿಗಡಲೆ, ಕೇಳಿ ಅರ್ಧ ತಾಸು ನಿಂತಳು. ಧರಣೇಂದ್ರ ಏಣಿ ಹತ್ತಿದ, ಇಳಿದ, ಸೀನಿದ. ಕೊನೆಗೆ ಅವಳೇ ಒಳಗೆ ನುಗ್ಗಿ ಪುಟಾಣಿ, ಶೇಂಗಾ, ಒಣಕೊಬ್ಬರಿ ಮೂರನ್ನೂ ಒಂದೇ ಕಡೆ ಇಟ್ಟಳು. ಚಟ್ನಿಪುಡಿ ಕುಟ್ಟುವವರು ಅವನ್ನು ಒಟ್ಟಿಗೇ ಒಯ್ಯುತ್ತಾರೆ. ಆ ವಾರ ಕೊಬ್ಬರಿ ಎರಡು ಪಟ್ಟು ಹೋಯಿತು.

"ವಾರಕ್ಕೊಮ್ಮೆ ಬಂದು ಹಿಂಗ ಹೊಂದಿಸವಾ ತಂಗಿ," ಎಂದ ಧರಣೇಂದ್ರ, ಒಂದು ಸಾಬೂನು ಮುಂದೆ ಮಾಡಿ. "ಹೆಣ್ಣಮಕ್ಕಳಿಗೆ ಇದೇನ ಕೆಲಸಲ್ಲ ಬಿಡು, ಕೈರೂಢಿ."

"ನಿಮಗೂ ತೂಗೂದು ಕೈರೂಢಿನ ಐತಲ್ರಿ. ಸಾಬೂನು ಇಸ್ಕೊಂಡು ತೂಗ್ತೀರೇನು?"

ಸಂಬಳ ನಿಗದಿಯಾಯಿತು. ಒಂದನ್ನು ನೋಡಿ ಇನ್ನೊಂದು ಅಂಗಡಿ ಕರೆಯಿತು.

ಕಳೆದ ವರ್ಷ ಧರಣೇಂದ್ರನ ಮಗ ಸಿದ್ಧಾಂತ ಎಂಬಿಎ ಮುಗಿಸಿ ಬಂದ. ಯಾವ ಸಾಮಾನು ಎಲ್ಲಿಡಬೇಕೆಂದು ಮಸಾಲೆ ಕಂಪನಿಯೊಂದು ಕಳಿಸಿದ ಬಣ್ಣದ ನಕ್ಷೆಯನ್ನು ಗೋಡೆಗೆ ಅಂಟಿಸಿ, "ಇದು ಸೈನ್ಸ್ ಐತ್ರಿ ಅಕ್ಕಾರ. ಇನ್ನ ನೀವು ಬರೂದು ಬ್ಯಾಡ," ಎಂದ. ಸುದ್ದಿ ಹಬ್ಬಿದರೆ ಉಳಿದವರೂ ನಕ್ಷೆ ಅಂಟಿಸಿಕೊಳ್ಳುತ್ತಾರೆ, ತಾನು ಮತ್ತೆ ಮನೆಯಲ್ಲಿ ಪುಕ್ಕಟೆ ಡಬ್ಬಿ ಹುಡುಕಿಕೊಡುತ್ತ ಕೂರಬೇಕು. ಮಾದೇವಿಗೆ ಅದೊಂದೇ ಭಯ. ಬಾಳಾಸಾಹೇಬನಂತೂ ಆಗಲೇ ಕಾಲು ಚಾಚಿ, "ಆತಲ್ಲ ನಿನ್ನ ಬಿಸಿನೆಸ್? ಚಾ ಇಡು," ಎಂದಿದ್ದ.

ನಕ್ಷೆಯ ಪ್ರಕಾರ ಸಿದ್ಧಾಂತ ಬಾಗಿಲಲ್ಲೇ ಬೆಳ್ಳುಳ್ಳಿ ಮಸಾಲೆಯ ಗೋಪುರ ಕಟ್ಟಿದ. ಜೈನರ ದಶಲಕ್ಷಣ ಪರ್ವಕ್ಕೆ ಒಂದು ವಾರವಿತ್ತು. ಸಿದ್ಧಾಂತನೂ ಜೈನನೇ, ಬೆಳ್ಳುಳ್ಳಿ ವರ್ಜ್ಯವೆಂದು ಗೊತ್ತಿತ್ತು. ಪರ್ವದ ದಿನ ಬೆಳಿಗ್ಗೆ ಗೋಪುರ ತೆಗೆದು ಬೇಳೆ, ತುಪ್ಪ ಇಟ್ಟರಾಯಿತು ಅಂದುಕೊಂಡಿದ್ದ. ಆ ಬೇಳೆಯನ್ನು ವಾರ ಮೊದಲೇ ಒಯ್ದು ಆರಿಸಿ, ತೊಳೆದು, ಒಣಗಿಸಿ, ಬೀಸಿಟ್ಟುಕೊಳ್ಳಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಅವನೆದುರು ಊಟದ ತಾಟು ಬರುತ್ತಿತ್ತು, ತಾಟು ಹೋಗುತ್ತಿತ್ತು. ಬೇಳೆ ಒಯ್ಯಲು ಹೆಂಗಸರು ಆ ವಾರವೇ ಬಾಗಿಲಿಗೆ ಬಂದು, ಮೂಗು ಮುಚ್ಚಿಕೊಂಡು, ಮಾದೇವಿ ಹೊಂದಿಸಿದ್ದ ಎದುರಿನ ಅಂಗಡಿಗೆ ನಡೆದರು. ಅವರಲ್ಲಿ ಸಿದ್ಧಾಂತನ ಅಜ್ಜಿ ಅಕ್ಕವ್ವನೂ ಇದ್ದಳು.

"ಆಯೀ, ನಮ್ಮ ಅಂಗಡಿ ಬಿಟ್ಟು ಅಲ್ಲಿ?"

"ಲೇ, ಪರ್ವದ ದಿನ ಹಿಟ್ಟು ಆಕಾಶದಿಂದ ಉದರತೈತೇನು? ಸರಿ ಬಾಜೂಕ!"

ಮರುದಿನ ಧರಣೇಂದ್ರನೇ ಬನಹಟ್ಟಿಗೆ ಬಂದ. 'ತಂಗಿ' ಹೋಗಿ 'ಮಾದೇವಿಯವರ' ಆಗಿತ್ತು.

"ದೀಡ ಪಟ್ಟು ಸಂಬಳ, ನೂರಕ್ಕ ನೂರೈವತ್ತು, ವರ್ಷದ ಕರಾರು, ಕಾಗದದ ಮ್ಯಾಲೆ," ಎಂದಳು ಮಾದೇವಿ. "ಮತ್ತ ನಿಮ್ಮ ಮಗ ವಾರಕ್ಕೆರಡ ದಿನ ಮನ್ಯಾಗ ಅಡಗಿ ಮಾಡಬೇಕು."

"ಅದ್ಯಾಕ್ರಿ?"

"ಟ್ರೇನಿಂಗ್ ರೀ."

ತೇರದಾಳದ ಅಂಗಡಿಯಲ್ಲಿ ಕಾಗದಕ್ಕೆ ಸಹಿ ಬೀಳುವಾಗ ಅಕ್ಕವ್ವ ಪಕ್ಕದಲ್ಲೇ ಇದ್ದಳು. "ಡಬ್ಬಿ ಹೊಂದಿಸೂದಕ್ಕ ಇಷ್ಟ ರೊಕ್ಕ ಐತೇನು?" ಎಂದು ಮಗ ಧರಣೇಂದ್ರನನ್ನು ನೋಡಿದಳು. "ಹಂಗಾರ ನನ್ನ ಐವತ್ತು ವರ್ಷದ್ದು ಯಾರ ಕೊಡಾವ್ರು?"

ಧರಣೇಂದ್ರ ತಕ್ಕಡಿ ಒರೆಸತೊಡಗಿದ.

"ಹಿಂದಿಂದು ಬರಂಗಿಲ್ಲ ಆಯಿ," ಎಂದಳು ಮಾದೇವಿ. "ಮುಂದಿಂದು ಮಾತಾಡೂಣು."

ಹಾಗಾಗಿ ಧರಣೇಂದ್ರನ ಅಂಗಡಿಯಲ್ಲಿ ಈಗ ಅಕ್ಕವ್ವ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ಯಾವ ಪರ್ವಕ್ಕೆ ಯಾವ ಸಾಮಾನು ಎಷ್ಟು ದಿನ ಮೊದಲು ಮುಂದೆ ಬರಬೇಕೆಂದು ಅವಳು ಹೇಳುತ್ತಾಳೆ, ಮಾದೇವಿ ಇಡುತ್ತಾಳೆ. ಅವಳ ಕೂಲಿ ಮಗನ ಗಲ್ಲಾಪೆಟ್ಟಿಗೆಯಿಂದಲೇ. ಮನೆಯಲ್ಲಿ ಕೇಳಿದ್ದರೆ ಪುಕ್ಕಟೆಯೇ ಹೇಳುತ್ತಿದ್ದಳು. ಯಾರೂ ಕೇಳಿರಲಿಲ್ಲ.