ಹೂಂ ಅನ್ನದ ಹುಡುಗಿ

ಕ್ಲಿನಿಕಲ್ ಸೈಕಾಲಜಿ ಡಿಗ್ರಿಯ ಮೊದಲ ವರ್ಷ ನಮ್ಮ ಮೇಡಂ ಕೊಟ್ಟ ಹೋಂವರ್ಕ್ ಇಷ್ಟೇ: ಗುರುತಿಲ್ಲದ ಒಬ್ಬರ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡು ಬನ್ನಿ.

ಹಾನಗಲ್ಲಿನಲ್ಲಿ ಹುಬ್ಬಳ್ಳಿ ಬಸ್ ಹತ್ತಿ ಶಿಗ್ಗಾಂವಿಗೆ ಹೊರಟಿದ್ದೆ. ಆಡೂರಿನಲ್ಲಿ ಹತ್ತಿದ ಅಜ್ಜಿಯೊಬ್ಬಳು ಪಕ್ಕದಲ್ಲಿ ಕುಳಿತದ್ದೇ ಸೊಸೆಯ ಕಥೆ ಶುರು ಮಾಡಿದಳು. ನಾನು ತುಟಿ ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತಾ ಕುಳಿತೆ. ಸೊಸೆ ಮುನಿಸಿಕೊಂಡು ತವರಿಗೆ ಹೊರಡುವಲ್ಲಿಗೆ ಅಜ್ಜಿ ತಟ್ಟನೆ ನಿಲ್ಲಿಸಿದಳು.

"ಯಾಕವಾ, ಹೂಂ ಅನ್ನವಲ್ಲಿ? ಆರಾಮಿಲ್ಲೇನು?"

ಹೋಂವರ್ಕ್ ಕೆಡಬಾರದಲ್ಲ, ಸುಮ್ಮನಿದ್ದೆ. ಅವಳು ನನ್ನ ಹಣೆ ಮುಟ್ಟಿ ನೋಡಿ ಕಂಡಕ್ಟರನನ್ನು ಕೂಗಿದಳು.

"ತಮ್ಮಾ, ಈ ಹುಡುಗಿ ಏನೋ ಮನಸ್ಸಿಗೆ ಹಚ್ಕೊಂಡೈತಿ ನೋಡು, ಬಾಯಿ ಬಿಡವಲ್ದು!"

ಬಸ್ಸಿಗೆ ಬಸ್ಸೇ ನನ್ನತ್ತ ತಿರುಗಿತು. ವಿಧಿಯಿಲ್ಲದೆ ಬಾಯಿ ಬಿಟ್ಟೆ.

"ಆರಾಮ ಅದೀನ್ರಿ ಅಜ್ಜಿ. ಸುಮ್ಮನ ಕುಂತು ಕೇಳೋದನ್ನ ಕಾಲೇಜಿನ್ಯಾಗ ಕಲಿಯಾಕತ್ತೇನ್ರಿ."

"ಹೂಂ ಅನ್ನಲಿಲ್ಲಂದ್ರ ನೀ ಕೇಳಾಕತ್ತಿ ಅಂತ ನನಗ ಹೆಂಗ ಗೊತ್ತಾಗಬೇಕು?" ಎಂದವಳು, ಅಲ್ಲಿತನಕ ಹೇಳಿದ್ದೆಲ್ಲ ಲೆಕ್ಕಕ್ಕಿಲ್ಲ ಎಂಬಂತೆ ಕಥೆಯನ್ನು ಹೆಣ್ಣು ನೋಡಿದ ದಿನದಿಂದ ಮತ್ತೆ ಹಿಡಿದಳು.

ಈ ಸಲ ಮಾತು ಮಾತಿಗೂ ಹೂಂ ಅಂದೆ. ಶಿಗ್ಗಾಂವಿ ಬಂತು, ಹೋಯಿತು. ನಾನು ಇಳಿಯಲಿಲ್ಲ. ಸೊಸೆ ಇನ್ನೂ ತವರಿಗೆ ಹೊರಟಿರಲಿಲ್ಲ.