ಚಾಚಿ ಮತ್ತು ಮಾತಾಡುವ ಮೊಲಗಳು

ಚಾಚಿಯ ಬಲಗೈ ಹೆಬ್ಬೆರಳಿನ ಉಗುರು ನೀಲಿ. ಅವಳು ಕಿರಾಣಿ ಅಂಗಡಿಗಳಿಗೆ ರದ್ದಿ ಕಾಗದದ ಚೀಲ ಅಂಟಿಸಿ ಕೊಡುತ್ತಿದ್ದಳು. ಹುಳ ಬೀಳಬಾರದೆಂದು ಮೈದಾಹಿಟ್ಟಿನ ಅಂಟಿಗೆ ಚಿಟಿಕೆ ನೀಲಿ ಮೈಲುತುತ್ತ ಹಾಕಿ ಕುದಿಸುತ್ತಿದ್ದಳು. ಕಾಗದ ಮಡಿಚಿದ ಕಡೆಯಲ್ಲೆಲ್ಲ ಆ ಉಗುರನ್ನೇ ಒತ್ತಿ ಎಳೆಯುವುದರಿಂದ ಬಣ್ಣ ಒಳಗೇ ಇಳಿದುಬಿಟ್ಟಿತ್ತು. ಊಟಕ್ಕೆ ಮುಂಚೆ ಬೂದಿ ಹಚ್ಚಿ ಉಜ್ಜಿ ಉಜ್ಜಿ ಸಾಕಾಗಿ, "ಹೋಗಲಿ ಬಿಡು, ಇದ ನನ್ನ ನೇಲ್ ಪಾಲಿಶ್" ಎಂದು ನಗುತ್ತಿದ್ದಳು.

ಎಂಬತ್ತರ ದಶಕದ ನಡುವಿನ ಮಾತು. ಸಿಂಧನೂರಿನಲ್ಲಿ ನಮ್ಮ ಮನೆಗೂ ಚಾಚಿಯ ಮನೆಗೂ ನಡುವೆ ಒಂದೇ ಗೋಡೆ. ಅಪ್ಪನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ. ಚಾಚಿಯ ಗಂಡ ತೀರಿಹೋಗಿ ವರ್ಷಗಳಾಗಿದ್ದವು, ಇದ್ದೊಬ್ಬ ಮಗ ಲಾರಿ ಮೇಲೆ ಊರೂರು ತಿರುಗುತ್ತಿದ್ದ. ಅವಳ ಪಡಸಾಲೆಯಲ್ಲಿ ಸದಾ ರದ್ದಿಯ ಮೂಟೆಗಳು. ಹಟ್ಟಿ ಚಿನ್ನದ ಗಣಿಯ ಕ್ವಾರ್ಟರ್ಸ್ ಕಡೆಯಿಂದ ಬರುವ ಮೂಟೆ ಎಂದರೆ ಅವಳಿಗೆ ಹಬ್ಬ. ಸಾಹೇಬರ ಮನೆಗಳ ಕಾಗದ ಗಟ್ಟಿ, ಉಪ್ಪು ಕಟ್ಟಿದರೂ ಹರಿಯುವುದಿಲ್ಲ.

ಆದರೆ ಮೂಟೆ ಬಿಚ್ಚಿದ ಕೂಡಲೇ ಕತ್ತರಿ ಹಾಕುವವಳಲ್ಲ ಅವಳು. ಮೊದಲು ಆರಿಸಬೇಕು. ದೇವರ ಚಿತ್ರ, ದೇವರ ಹೆಸರು ಇರುವ ಹಾಳೆಗಳು ಒಂದು ಕಡೆ. ಅವನ್ನು ಚೀಲ ಮಾಡುವಂತಿಲ್ಲ. ಅಲ್ಲಾಹನ ಹೆಸರಿರಲಿ, ಕ್ಯಾಲೆಂಡರಿನ ಲಕ್ಷ್ಮಿಯಿರಲಿ, ಶಿಲುಬೆಯ ಚಿತ್ರವಿರಲಿ, ಎಲ್ಲವೂ ಒಂದೇ ಗಂಟಿನಲ್ಲಿ ಹೋಗಿ ಕಾಲುವೆ ನೀರಿಗೆ ಬೀಳುತ್ತಿದ್ದವು. ಇನ್ನೊಂದು ಕಡೆ ಪ್ರಾಣಿಗಳ ಬಣ್ಣದ ಚಿತ್ರಕತೆ ಪುಸ್ತಕಗಳು. ಪ್ಯಾಂಟು ತೊಟ್ಟ ಕರಡಿ, ಕೋಟು ಹಾಕಿದ ನರಿ, ಫ್ರಾಕು ತೊಟ್ಟ ಮೊಲಗಳು, ಬಾಯಿಂದ ಗುಳ್ಳೆ ಗುಳ್ಳೆಯಾಗಿ ಇಂಗ್ಲಿಷ್ ಮಾತು. ಅವುಗಳಿಗೂ ಕತ್ತರಿ ಬೀಳುತ್ತಿರಲಿಲ್ಲ. ಯಾಕೆಂದು ನಾನು ಕೇಳಿದರೆ, "ಪಾಪ, ಎಷ್ಟ ಮಾತಾಡಾಕತ್ತಾವ ನೋಡ. ಮಾತಾಡೂ ಮಂದೀನ್ನ ನಡುವ ಕತ್ತರಿಸಬಾರ್ದು ಬೇಟಿ" ಎಂದಳು. ನಡುವೆ ಮಾತು ಕತ್ತರಿಸುವುದರಲ್ಲಿ ಚಾಚಿಯೇ ಓಣಿಗೆಲ್ಲ ಮುಂದು ಎಂದು ನಾನು ಆಗ ಹೇಳಲಿಲ್ಲ.

ಆ ಚಳಿಗಾಲದಲ್ಲಿ ಜ್ವರ ಬಂದು ನಮ್ಮ ಅವ್ವ ತೀರಿಕೊಂಡಳು. ಅಂದಿನಿಂದ ನನ್ನ ತಂಗಿ ಮಾತು ಬಿಟ್ಟಳು. ಇನ್ನೂ ಶಾಲೆಗೆ ಹೋಗದ ಕೂಸು. ಅಳಲಿಲ್ಲ, ಹಟ ಮಾಡಲಿಲ್ಲ, ಬೇಕಾದ್ದಕ್ಕೆ ಬೆರಳು ತೋರಿಸುತ್ತಿದ್ದಳು ಅಷ್ಟೆ. ಗಂಟಲಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರು. ಅಪ್ಪ ದರ್ಗಾಕ್ಕೂ ಕರೆದೊಯ್ದ, ಹನುಮಪ್ಪನ ಗುಡಿಗೂ ಕರೆದೊಯ್ದ. ಕೊನೆಗೆ ಲಿಂಗಸುಗೂರಿನಿಂದ ಬಂದ ಸೋದರತ್ತೆ, "ದೂರದಾಗ ಮೂಕ ಮಕ್ಕಳ ಸಾಲಿ ಐತಂತ. ಅಲ್ಲೇ ಇಟಗೋತಾರ. ಬಿಟ್ಟು ಬಾ ಅಣ್ಣಾ, ನೀ ಗಿರಣಿಗೆ ಹೋಗ್ತಿಯೋ, ಈಕೀನ್ನ ನೋಡ್ತಿಯೋ?" ಎಂದಳು. ಅಪ್ಪ, ಬೇಸಿಗೆ ಮುಗಿದು ಶಾಲೆ ತೆರೆದಾಗ ಬಿಟ್ಟುಬರುವುದೆಂದು ಒಪ್ಪಿಕೊಂಡ. ಅವ್ವನೂ ಹೋಗಿ ತಂಗಿಯೂ ಹೋದರೆ ಆ ಮನೆಯಲ್ಲಿ ನಾನು ಯಾರ ಜೊತೆ ಇರಲಿ?

ಆ ಬೇಸಿಗೆಯಿಡೀ ನಾವಿಬ್ಬರೂ ಚಾಚಿಯ ಪಡಸಾಲೆಯಲ್ಲೇ. ಕೆಲಸದ ನಡುವೆ ಚಾಚಿ ತಂಗಿಯನ್ನು ತೊಡೆಗೆ ಒರಗಿಸಿಕೊಂಡು ಆ ಪುಸ್ತಕಗಳ ಕತೆ ಹೇಳುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ಕನ್ನಡ ಓದಲೂ ಬಾರದು. ಸಣ್ಣವಳಿದ್ದಾಗ ಕಲಿತ ಉರ್ದು ಒಂದೇ. ಉರ್ದು ಪುಸ್ತಕ ಶುರುವಾಗುವುದು ನಮ್ಮ ಪುಸ್ತಕ ಮುಗಿಯುವ ಕಡೆಯಿಂದ. ಸಾಲು ಬಲದಿಂದ ಎಡಕ್ಕೆ. ಹೀಗಾಗಿ ಚಾಚಿ ಈ ಪುಸ್ತಕಗಳನ್ನೂ ಕಡೆಯ ಹಾಳೆಯಿಂದ ತೆರೆದು, ಚಿತ್ರಗಳನ್ನು ಬಲದಿಂದ ಎಡಕ್ಕೆ ನೋಡುತ್ತ, ತೋಚಿದ ಹಾಗೆ ಕತೆ ಕಟ್ಟುತ್ತ ಹೋಗುವಳು. ಕರಡಿಯ ಮನೆಯಲ್ಲಿ ಮೀನು ಕದ್ದು ಓಡಿ, ಕೊನೆಗೆ ಸಿಕ್ಕಿಬಿದ್ದು ಒದೆ ತಿನ್ನುವ ನರಿ ಚಾಚಿಯ ಬಾಯಲ್ಲಿ ಮೊದಲು ಒದೆ ತಿಂದು, ಆಮೇಲೆ ಓಡಿ ಹೋಗಿ, ಮೀನು ತಂದು ಕರಡಿಯ ಮನೆಯಲ್ಲಿ ಇಟ್ಟು ಬರುತ್ತಿತ್ತು. "ಎಷ್ಟ ಒಳ್ಳೇ ನರಿ ನೋಡ!" ಎಂದು ಅವಳೇ ಮೆಚ್ಚಿಕೊಳ್ಳುವಳು. ಮೂರನೇ ಇಯತ್ತೆ ಮುಗಿಸಿದ್ದ ನನಗೂ ಅನುಮಾನ ಬರಲಿಲ್ಲ. ಇಂಗ್ಲಿಷ್ ಜನ ಹಾಗೇ ಬರೆಯುತ್ತಾರೇನೋ ಎಂದುಕೊಂಡಿದ್ದೆ.

ಮೊಲಗಳ ಪುಸ್ತಕ ಬಂದದ್ದು ಶಾಲೆ ತೆರೆಯಲು ಕೆಲವೇ ದಿನ ಉಳಿದಿದ್ದಾಗ. ಅಪ್ಪ ಆಗಲೇ ತಂಗಿಗೆ ಒಂದು ತಗಡಿನ ಟ್ರಂಕು ತಂದಿಟ್ಟಿದ್ದ. ಚಾಚಿ ಎಂದಿನಂತೆ ಕಡೆಯ ಹಾಳೆ ತೆರೆದಳು. ಸ್ಟೇಷನ್ನು, ಹೊಗೆ ಬಿಡುವ ರೈಲು, ಕಿಟಕಿಯಲ್ಲಿ ಕರವಸ್ತ್ರ ಹಿಡಿದ ತಾಯಿಮೊಲ. ಪ್ಲಾಟ್‌ಫಾರ್ಮಿನ ಮೇಲೆ ಮರಿಗಳ ಕಣ್ಣಿಂದ ದಪ್ಪ ದಪ್ಪ ನೀರ ಹನಿ.

"ನೋಡ ಬೇಟಿ, ಮೊಲದವ್ವ ರೈಲಿನಾಗ ಬಂದ್ಲು. ಮಕ್ಕಳಿಗೆ ಎಷ್ಟ ಖುಷಿ ಆಗೇತಂದ್ರ ಅಳಾಕತ್ತಾವ. ಇನ್ನ ಎಲ್ಲಾರೂ ಮನೀಗೆ ಹೋಗಿ ರೊಟ್ಟಿ ಮಾಡ್ಕೊಂಡು..."

"ಅಲ್ಲ ಚಾಚಿ."

ನಾನು ತಿರುಗಿ ನೋಡಿದೆ. ಧ್ವನಿ ಒಡೆದಿತ್ತು, ನೀರು ಕುಡಿಯದವರ ಧ್ವನಿಯ ಹಾಗೆ. ತಂಗಿ ಚಿತ್ರದ ಮೇಲೆ ಬೆರಳಿಟ್ಟಿದ್ದಳು.

"ಬಂದಿಲ್ಲ. ಹೋಗ್ಯಾಳ."

ನನ್ನ ಕೈಯಲ್ಲಿದ್ದ ಅಂಟಿನ ಬಟ್ಟಲು ಅಲ್ಲೇ ಮಗುಚಿತು. ಚಾಚಿ ಮಾತ್ರ ಕೂಗಲಿಲ್ಲ, ಅಪ್ಪಿಕೊಳ್ಳಲಿಲ್ಲ, ಓಣಿಯವರನ್ನು ಕರೆಯಲಿಲ್ಲ. ಪುಸ್ತಕವನ್ನು ಹತ್ತಿರ ತಂದು ನೋಡಿದಳು, ದೂರ ಹಿಡಿದು ನೋಡಿದಳು. "ಹೌದಲ್ಲ ನನ್ನವ್ವ! ನನಗ ತಿಳೀಲೇ ಇಲ್ಲ ನೋಡು. ಹಂಗಾರ ನಾ ತಪ್ಪ ಹೇಳಾಕತ್ತೀನಿ. ಯಾಕ ಹೋದ್ಲಂತ? ಮೊದಲಿಂದ ನೀನ ಹೇಳು" ಎಂದು ಪುಸ್ತಕವನ್ನು ಆ ಕೂಸಿನ ಕೈಗೇ ಕೊಟ್ಟಳು. ತಂಗಿ ನಮ್ಮ ಲೆಕ್ಕದ ಮೊದಲ ಹಾಳೆ ಹುಡುಕಿ ತೆರೆದಳು. ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಮರಿಗಳು ಜಗಳಾಡುತ್ತಿವೆ, ಅವ್ವ ಸೀರೆ ಮಡಿಚಿ ಚೀಲಕ್ಕೆ ಹಾಕುತ್ತಿದ್ದಾಳೆ... ತಡೆದು ತಡೆದು ಹೇಳುತ್ತ ರೈಲಿನ ತನಕ ಬಂದು, ಅಲ್ಲಿ ನಿಂತು, ಅವ್ವ ಹೋದ ಮೇಲೆ ಮೊದಲ ಸಲ ಜೋರಾಗಿ ಅತ್ತಳು. ಚಾಚಿ ತಲೆ ಸವರುತ್ತ, "ಅಳು. ಅತ್ತು ಮುಗಿಸಿ ಮುಂದ ಏನಾತಂತ ಹೇಳು" ಎಂದಳು. ಮುಂದೆ ಹಾಳೆಯೇ ಇರಲಿಲ್ಲ.

ಸಂಜೆ ಮೈತುಂಬ ತೌಡಿನ ಧೂಳು ಹೊತ್ತು ಅಪ್ಪ ಬಂದ. ತಂಗಿ ಬಾಗಿಲಿಗೇ ಓಡಿಹೋಗಿ, "ಅಪ್ಪಾ, ಚಾಚಿಗೆ ಓದಾಕ ಬರೂದಿಲ್ಲ" ಎಂದಳು. ಅಪ್ಪ ಚಾಚಿಯ ಹೊಸ್ತಿಲಿಗೆ ಬಂದು ನಿಂತ, ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. "ಯಾಕೋ ಅಣ್ಣಾ, ಈಗ ನಿನ್ನ ಮಾತ ಎಲ್ಲಿ ಹೋತು?" ಎಂದಳು ಚಾಚಿ. ಆ ಟ್ರಂಕು ಮನೆಯಲ್ಲೇ ಉಳಿದು ಜೋಳದ ಹಿಟ್ಟಿಗಾಯಿತು.

ಅದು ಚಾಚಿಯ ಉಪಾಯ ಎಂದು ಓಣಿಯವರು ಇವತ್ತಿಗೂ ಹೇಳುತ್ತಾರೆ. ದೊಡ್ಡವಳಾದ ಮೇಲೆ ನಾನೇ ಕೇಳಿದ್ದೆ. "ಉಪಾಯನೂ ಇಲ್ಲ ಗಿಪಾಯನೂ ಇಲ್ಲ. ಆ ಕೂಸು ಹೇಳೂತನಕ ನನಗ ಗೊತ್ತ ಇರಲಿಲ್ಲ" ಎಂದಳು. ಆ ಉತ್ತರಕ್ಕಾಗಿಯೇ ನನಗೆ ಅವಳ ಮೇಲೆ ಪ್ರೀತಿ ಹೆಚ್ಚಾಯಿತು. ನನ್ನ ತಂಗಿಯ ಮಾತಿಗೆ ಡಾಕ್ಟರಿಂದ ಹಿಡಿದು ದೇವರವರೆಗೆ ಎಲ್ಲರೂ ಔಷಧ ಕೊಡಲು ಬಂದವರೇ. ತಾನು ತಪ್ಪು, ನೀನು ಹೇಳು ಎಂದವಳು ಚಾಚಿ ಒಬ್ಬಳೇ. ಮುಂದೆ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಮಕ್ಕಳು ತಾಯಂದಿರ ಜೊತೆ ಪೇಟೆಗೆ ಬಂದಾಗ ಆ ಪಡಸಾಲೆಗೆ ನುಗ್ಗಿ ಅದೇ ಪುಸ್ತಕಗಳಿಗೆ ಜಗಳಾಡುತ್ತಿದ್ದವು. ಎಲ್ಲರೂ ಅವರವರ ಭಾಷೆಯಲ್ಲಿ ಚಾಚಿಗೆ ಕತೆ ಹೇಳುವವರೇ, ಚಾಚಿ ಎಲ್ಲದಕ್ಕೂ "ಹೌದಾ!" ಎನ್ನುವವಳೇ. ಕೈಯಿಂದ ಕೈಗೆ ಹೋಗಿ, ಮಳೆಗೆ ನೆನೆದು, ಪುಸ್ತಕಗಳು ಒಂದೊಂದಾಗಿ ಮಾಯವಾದವು. ನಾವೂ ಮರೆತೆವು.

ತೊಂಬತ್ತರ ದಶಕದ ಕೊನೆಯಲ್ಲಿ, ಲಿಂಗಸುಗೂರಿಗೆ ಮದುವೆಯಾಗಿ ಹೋಗಿದ್ದ ನಾನು ತವರಿಗೆ ಹೊರಟಿದ್ದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಮಿರ್ಚಿ ಭಜಿ ಕೊಳ್ಳಲು ಇಳಿದರೆ, ಗಾಡಿಯವನ ಕೈಯಲ್ಲಿ ಫ್ರಾಕು ತೊಟ್ಟ ಮೊಲ! ಕಟ್ಟಿಕೊಡಲು ಇನ್ನೇನು ಹಾಳೆ ಹರಿಯುವವನಿದ್ದ. "ತಡೀರಿ, ತಡೀರಿ!" ಎಂದು ಕಿರುಚಿದ ರಭಸಕ್ಕೆ ಅವನು ಬೆಚ್ಚಿ ಪುಸ್ತಕವನ್ನೇ ನನ್ನ ಕೈಗೆ ತುರುಕಿದ. ಮಿರ್ಚಿ ಮರೆತು ಬಸ್ಸು ಹತ್ತಿದೆ. ಕಂಬಿ ಹಿಡಿದು ನಿಂತ ಗದ್ದಲದಲ್ಲಿ ತೆರೆದು ನೋಡಲಾಗಲಿಲ್ಲ.

ಚಾಚಿಯ ಕಣ್ಣಿಗೆ ಆಗ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಹಾಸಿಗೆ ಹಿಡಿದಿದ್ದಳು. ಕಾಲೇಜು ಓದುತ್ತಿದ್ದ ತಂಗಿ ಪಕ್ಕದಲ್ಲಿ ಕೂತು ಊರ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಮನೆಯಲ್ಲಿ ಅವಳ ಹೆಸರೇ ರೇಡಿಯೋ. ನಾನು ಪುಸ್ತಕ ಕೊಟ್ಟೆ. ಅವಳು ಮೊದಲ ಹಾಳೆ ತೆರೆದವಳೇ ಗಪ್ಪಾದಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ, ನನಗೆ ಹೆದರಿಕೆಯೇ ಆಯಿತು.

"ಏನೈತವ್ವಾ ಅದ್ರಾಗ?" ಎಂದಳು ಚಾಚಿ.

"ಚಾಚಿ, ನಮ್ಮ ಮೊಲದ ಕತೀದ ಮುಂದಿನ ಪುಸ್ತಕ ಇದು. ಅದ ಸ್ಟೇಷನ್ನು. ರೈಲು ನಿಂತೈತಿ. ಮೊಲದವ್ವ ಇಳಿಯಾಕತ್ತಾಳ." ತಂಗಿ ಚಿತ್ರದ ಮೇಲೆ ಬೆರಳಿಟ್ಟಳು. "ಬಂದಾಳ ಚಾಚಿ."

"ಮಕ್ಕಳು?"

"ಅಳಾಕತ್ತಾವ. ಖುಷಿಗೆ."

ಚಾಚಿ ದಿಂಬಿನ ಮೇಲೆ ತಲೆ ಹೊರಳಿಸಿ ಬೊಚ್ಚುಬಾಯಿ ತೆರೆದು ನಕ್ಕಳು. "ಮತ್ತ ನಾ ಹೇಳಿದಾಗ ನನಗ ಓದಾಕ ಬರೂದಿಲ್ಲಂತ ಅಪ್ಪನ ಮುಂದ ಚಾಡಿ ಹೇಳಿದಿ!"

ಮುಂದಿನ ರಂಜಾನ್ ಬರುವ ಮೊದಲೇ ಚಾಚಿ ಹೋದಳು. ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಮಧ್ಯಾಹ್ನ. ಪಡಸಾಲೆ ತುಂಬ ಹೆಂಗಸರು ತಲೆ ತಗ್ಗಿಸಿ ಕೂತಿದ್ದರು. ಅವರ ನಡುವೆ ನನ್ನ ತಂಗಿ ಚಾಚಿಯ ಮುಖಕ್ಕೆ ಬಾಗಿ ಒಂದೇ ಸಮನೆ ಮಾತಾಡುತ್ತಿದ್ದಳು: ಬೆಳಗ್ಗೆ ಏನು ತಿಂದದ್ದು, ಪರೀಕ್ಷೆ ಹೇಗಾಯಿತು, ಯಾರು ಯಾರು ಬಂದಿದ್ದಾರೆ. ಚಾಚಿಯ ಕಡೆಯ ಹಿರಿಯ ಹೆಂಗಸೊಬ್ಬಳು ಮೆಲ್ಲಗೆ ಅವಳ ಭುಜ ಹಿಡಿದು, "ಮಯ್ಯತ್ ಆದ ಮನಿ ಐತಿ ಬೇಟಿ, ಸುಮ್ಮಕಿರು" ಎಂದಳು.

ಹೊಸ್ತಿಲ ಹೊರಗೆ ನಿಂತಿದ್ದ ಅಪ್ಪ ಕೈಮುಗಿದ. "ಆಕೀಗೆ ಮಾತ್ರ ಸುಮ್ಮಕಿರು ಅನಬ್ಯಾಡ್ರೀ ಯವ್ವಾ" ಎಂದ. "ಮಾತಾಡ್ಲಿ."